ಬಾಚಣಿಗೆಗೆ ಬಾರದ ಆವೇಶ

ಕೋಲಸಿರ್ಸಿಯ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ಬೆಳಿಗ್ಗೆ ಗದ್ದೆಯ ಕೆಸರು ತೊಳೆದುಕೊಂಡು ಸಿದ್ದಾಪುರದ ಬಸ್ಸಿಗೆ ಓಡಿ ಬಿ.ಎಸ್ಸಿ. ಮುಗಿಸಿದವನು. ಆದ್ದರಿಂದ ಪರಮಾಣುವಿನ ವಿಷಯದಲ್ಲಿ ಮನೆಯೊಳಗೆ ಕೊನೆಯ ಮಾತು ನನ್ನದೇ ಎಂದು ನಂಬಿದ್ದೆ.

ಎಂಟನೇ ತರಗತಿಯ ಮಗಳು ಸುಮಾ ಒಂದು ಸಂಜೆ ಕುಣಿಯುತ್ತ ಬಂದಳು.

"ಅಪ್ಪಾ, ಪ್ರೋಟಾನಿಗೆ ಧನಾವೇಶ, ಎಲೆಕ್ಟ್ರಾನಿಗೆ ಋಣಾವೇಶ. ಪಕ್ಕದ್ಮನೆ ಮಂಜಮಾವ ಎಷ್ಟು ಚಂದ ಹೇಳಿಕೊಟ್ರು ಗೊತ್ತಾ!"

ಮಂಜಣ್ಣ! ವೈರಿಂಗ್ ಮಾಡುವ ಮಂಜಣ್ಣ! ಎಸ್ಸೆಸ್ಸೆಲ್ಸಿಯನ್ನು ದೂರದಿಂದಲೇ ನೋಡಿದವನು!

"ಎಂತ ಹೇಳ್ದ ಅವ?"

"ಪ್ರೋಟಾನು ಯಜಮಾನ ಇದ್ದಂಗೆ, ಕೂತಲ್ಲಿಂದ ಅಲ್ಲಾಡಲ್ಲ. ಎಲೆಕ್ಟ್ರಾನು ಹಂಗಲ್ಲ, ಸ್ವಲ್ಪ ತಿಕ್ಕಾಟ ಆದ್ರೆ ಪಕ್ಕದ್ಮನೆಗೆ ಹೋಗಿಬಿಡ್ತದೆ ಅಂದ್ರು. ಶನಿವಾರ ಶಾಲೇಲಿ ಪ್ರಯೋಗ ತೋರ್ಸಕ್ಕೆ ನಾನು ಅವ್ರನ್ನೇ ಕರೀತೆ."

ನಮ್ಮ ಮನೆಯ ಎಲೆಕ್ಟ್ರಾನು ಆಗಲೇ ಪಕ್ಕದ ಮನೆಗೆ ಹೋಗಿ ಬಂದಿತ್ತು! ಪದವೀಧರ ತಂದೆ ಜೀವಂತ ಇರುವಾಗ ಮಗಳು ಇನ್ನೊಬ್ಬನನ್ನು ಕರೆಯುವುದೇ? ಮರುದಿನವೇ ಶಾಲೆಗೆ ಹೋಗಿ, ಬೆಳಿಗ್ಗೆ ಸುಮಾ ಕೊಟ್ಟಿದ್ದ ಅವನ ಹೆಸರನ್ನು ಟೀಚರ್ ಬಳಿ ಹೊಡೆಸಿ ನನ್ನದನ್ನು ಬರೆಸಿದೆ. ಸುಮಾ ಮುಖ ಊದಿಸಿಕೊಂಡಳು.

ಮಂಜಣ್ಣ ಮಾತ್ರ, "ಒಳ್ಳೇದಾತು ಮಾರಾಯ, ನೀ ಓದ್ದವ. ನಾನೂ ನೋಡಕ್ಕೆ ಬರ್ತೆ" ಎಂದು ನಕ್ಕ. ಅವನಿಗೆ ಬೇಜಾರಾಗಲಿಲ್ಲವಲ್ಲ ಎಂದು ನನಗೆ ಇನ್ನಷ್ಟು ಬೇಜಾರಾಯಿತು.

ಶನಿವಾರ ಹೊರಟಾಗ ಹೆಂಡತಿ ಲಲಿತಾ ತಡೆದಳು. "ಆ ತಲೆ ಎಂತ ಕಾಗೆ ಗೂಡನಾ? ಒಂದು ಹನಿ ಎಣ್ಣೆ ಹಚ್ಕಳಿ."

ಮಂಜಣ್ಣನ ಕೂದಲು ಸದಾ ಕೆದರಿರುತ್ತದೆ. ನನ್ನದು ಹೊಳೆಯಬೇಡವೇ? ಒಂದು ಹನಿಯಲ್ಲ, ಒಂದು ಅಂಗೈ ತುಂಬ ಕೊಬ್ಬರಿ ಎಣ್ಣೆ ಸುರಿದುಕೊಂಡೆ.

ತರಗತಿಯಲ್ಲಿ ಗಂಟಲು ಸರಿಮಾಡಿಕೊಂಡೆ. "ಮಕ್ಕಳೇ, ಬಾಚಣಿಗೆಯನ್ನು ತಲೆಗೆ ತಿಕ್ಕಿದಾಗ ಕೂದಲಿನ ಎಲೆಕ್ಟ್ರಾನುಗಳು ಬಾಚಣಿಗೆಗೆ ವರ್ಗವಾಗುತ್ತವೆ. ಅದಕ್ಕೆ ಋಣಾವೇಶ ಬರುತ್ತದೆ. ಕಾಗದದ ಚೂರುಗಳು ಹಾರಿ ಬಂದು ಅಂಟಿಕೊಳ್ಳುತ್ತವೆ!"

ಒಂದೂ ಹಾರಲಿಲ್ಲ.

ಮತ್ತೆ ತಿಕ್ಕಿದೆ. ಜೋರಾಗಿ ತಿಕ್ಕಿದೆ. ಕನ್ನಡಕ ಜಾರಿತು, ಬೆವರು ಇಳಿಯಿತು, ಮೈ ನಡುಗತೊಡಗಿತು. ಹಿಂದಿನ ಬೆಂಚಿನಿಂದ ಒಬ್ಬಳು ಕೂಗಿದಳು:

"ಟೀಚರ್, ಆವೇಶ ಬಂತು!"

"ಬಾಚಣಿಗೆಗಾ?"

"ಅಲ್ಲ ಟೀಚರ್, ಸುಮನ ಅಪ್ಪಂಗೆ!"

ದೇವರು ಮೈಮೇಲೆ ಬಂದವರನ್ನು ಕಂಡು ಬೆಳೆದ ಮಕ್ಕಳು. ಆವೇಶದ ಗುರುತು ಅವರಿಗೆ ಹೇಳಿಕೊಡಬೇಕೇ?

ಕೊನೆಗೆ ಬಾಚಣಿಗೆಯನ್ನೇ ಚೂರುಗಳ ಮೇಲೆ ಒತ್ತಿ ಎತ್ತಿದೆ. ಅಂಟಿದವು! "ನೋಡಿ, ವಿದ್ಯುದಾಕರ್ಷಣೆ!"

"ಅಪ್ಪಾ," ಸುಮಾ ಸಣ್ಣ ದನಿಯಲ್ಲಿ ಹೇಳಿದಳು, "ಅದು ಎಣ್ಣೆ."

ಮಂಜಣ್ಣ ಎದ್ದು ಬಂದ. "ಎಣ್ಣೆ ತಲೇಲಿ ಆಗಲ್ಲ ಮಾರಾಯ, ಒಣಗಿರಕು" ಎಂದು ತನ್ನ ಕಿಸೆಯ ಬಾಚಣಿಗೆ ತೆಗೆದು ಕೆದರಿದ ಕೂದಲಿಗೆ ನಾಲ್ಕು ಸಲ ಎಳೆದ. ಚೂರುಗಳು ಮಿಡತೆಗಳಂತೆ ನೆಗೆದವು! ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನನ್ನ ಮಗಳು.

ಸೋಮವಾರ ಅವಳು ಪ್ರಯೋಗದ ವರದಿಗೆ ಸಹಿ ಕೇಳಿದಳು. ಓದಿದೆ.

"ಪ್ರಯೋಗ ಮಾಡಿದವರು: ಮಂಜಮಾವ. ಬಳಸಿದ ಸಾಮಗ್ರಿಗಳು: ಬಾಚಣಿಗೆ ಎರಡು, ಕಾಗದದ ಚೂರು, ಅಪ್ಪ."

ಪಾಲಕರ ಜಾಗದಲ್ಲಿ ಸಹಿ ಹಾಕಿದೆ. ಸಾಮಗ್ರಿಗೆ ಆ ಅಧಿಕಾರ ಇದೆಯೋ ಇಲ್ಲವೋ, ಟೀಚರೇ ಹೇಳಬೇಕು!