ಒಣಗಣ್ಣಿಗೆ ಹದಿನಾಲ್ಕು ಸೂಜಿ

ಅಳುವುದಕ್ಕೂ ಒಂದು ಯೋಗ್ಯತೆ ಬೇಕೆಂದು ನನಗೆ ತಿಳಿದದ್ದು ಐವತ್ತಾರನೆಯ ವಯಸ್ಸಿನಲ್ಲಿ. ಗುಬ್ಬಿಯಲ್ಲಿ ಪತ್ರಬರಹಗಾರನಾಗಿ ಕ್ರಯಪತ್ರಗಳಲ್ಲಿ ಜನರ ಹೊಲ ಮನೆಗಳ ಎಲ್ಲೆ, ಚೆಕ್ಕುಬಂದಿ ಬರೆದೂ ಬರೆದೂ, ಆಮೇಲೆ ಅದನ್ನೇ ಕಂಪ್ಯೂಟರಿನಲ್ಲಿ ದಿಟ್ಟಿಸಿ ದಿಟ್ಟಿಸಿ ನನ್ನ ಕಣ್ಣಿನ ನೀರು ಆರಿಹೋಯಿತು. ರೆಪ್ಪೆ ಮುಚ್ಚಿದರೆ ಒಳಗೆ ಮರಳು ಹೊರಳಿದಂತಾಗುತ್ತಿತ್ತು. ಅದನ್ನಾದರೂ ಸಹಿಸಬಹುದು. ಸಹಿಸಲಾಗದವರು ನನ್ನ ಹೆಂಡತಿಯ ಕುಣಿಗಲ್ ಕಡೆಯ ನೆಂಟರು. ಅತ್ತೆ ತೀರಿಕೊಂಡಾಗ ನಾನು ಒಂದು ಹನಿಯನ್ನೂ ಉದುರಿಸಲಿಲ್ಲವೆಂದು ಇಂದಿಗೂ ಆಡಿಕೊಳ್ಳುತ್ತಾರೆ. ಅವತ್ತು ನನಗೆ ನಿಜಕ್ಕೂ ದುಃಖವಾಗಿತ್ತು, ಅವರು ಮಾಡುತ್ತಿದ್ದ ಹುರುಳಿ ಬಸ್ಸಾರಿನ ನೆನಪಿಗಾದರೂ ಆಗಿತ್ತು. ಆದರೆ ನೆಂಟರಿಗೆ ದುಃಖ ಕೆನ್ನೆಯ ಮೇಲೆ ಇಳಿದರೆ ಮಾತ್ರ ಲೆಕ್ಕ.

ಹೀಗಿರುವಾಗ ಮಗಳು ಸಹನಾಳ ಮದುವೆ ನಿಶ್ಚಯವಾಯಿತು. ನಮ್ಮಲ್ಲಿ ಧಾರೆಯಾದ ಮೇಲೆ ಹೆಣ್ಣು ಒಪ್ಪಿಸುವ ಶಾಸ್ತ್ರ ಉಂಟು. ತಂದೆ ತಾಯಿ ಹಾಲಿನಲ್ಲಿ ಕೈ ಅದ್ದಿ, ಮಗಳ ಕೈಯನ್ನು ಬೀಗರ ಕೈಗಿಟ್ಟು ಅಳಬೇಕು. ಅಳದ ತಂದೆಯನ್ನು ನಾನು ಯಾವ ಮದುವೆಯ ವಿಡಿಯೋದಲ್ಲೂ ಕಂಡಿಲ್ಲ. "ರೀ, ಅವತ್ತಾದ್ರೂ ಅಳ್ತೀರೋ, ಇಲ್ಲಾ ಕಂಬದ ಥರ ನಿಂತ್ಕೊತೀರೋ? ನಮ್ಮಣ್ಣಂದಿರು ಅದನ್ನೇ ಕಾಯ್ತಾ ಕೂತವ್ರೆ" ಎಂದಳು ಹೆಂಡತಿ ಜಯಮ್ಮ. ಮಗಳನ್ನು ಕಳಿಸುವ ಸಂಕಟ ಒಂದು ಕಡೆ, ಅದನ್ನು ಸಾಬೀತು ಮಾಡುವ ಸಂಕಟ ಇನ್ನೊಂದು ಕಡೆ.

ಯಾರೋ ಹೇಳಿದರೆಂದು ಕ್ಯಾತ್ಸಂದ್ರದಲ್ಲಿ ಹೋಟೆಲೊಂದರ ಮಹಡಿಯ ಮೇಲಿದ್ದ ಅಕ್ಯುಪಂಕ್ಚರ್ ಡಾಕ್ಟರ ಬಳಿಗೆ ಹೋದೆ. ಹುಬ್ಬಿನ ಬುಡಕ್ಕೆ, ಕಣ್ಣಂಚಿಗೆ ಸೂಜಿ ಚುಚ್ಚಿದರು; ಒಪ್ಪಿಕೊಂಡೆ. ಪಾದಕ್ಕೂ ಚುಚ್ಚಿದಾಗ, "ಸಾರ್, ಕಣ್ಣು ಮೇಲಿದೆ" ಎಂದೆ. "ಮೋಟ್ರು ಎಲ್ಲೋ ಇರ್ತದೆ, ನೀರು ಎಲ್ಲೋ ಬೀಳ್ತದೆ. ಸುಮ್ನೆ ಮಲ್ಕೊಳಿ ಯಜಮಾನ್ರೇ" ಎಂದರು. ಹದಿನಾಲ್ಕು ಸೂಜಿ ಹೊತ್ತು ಮಲಗಿ, ಮಗಳು ಗಂಡನ ಮನೆಗೆ ಹೊರಟುನಿಂತದ್ದನ್ನು ಕಲ್ಪಿಸಿಕೊಂಡು ಅಭ್ಯಾಸ ಮಾಡಿದೆ. ಬಂದದ್ದು ನಿದ್ದೆ. ಎಂಟು ಸಲ ಹೋದ ಮೇಲೆ ಕಣ್ಣು ತುಸು ತಂಪಾದದ್ದು ಸುಳ್ಳಲ್ಲ. ಅದು ಸೂಜಿಯ ಗುಣವೋ, ಕೆಲಸ ಬಿಟ್ಟು ಮಧ್ಯಾಹ್ನ ಮಲಗಿದ ಗುಣವೋ, ನಾನು ವಿಚಾರಿಸಲು ಹೋಗಲಿಲ್ಲ.

ಮದುವೆಯ ದಿನ ಹಾಲಿನ ಬಟ್ಟಲು ಬಂತು. ಜಯಮ್ಮ ಹೋ ಎಂದು ಶುರು ಮಾಡಿದಳು. ಅವಳನ್ನು ನೋಡಿ ಬೀಗಿತ್ತಿಯೂ ಅತ್ತರು. ವಿಡಿಯೋದವನು ಕ್ಯಾಮೆರಾವನ್ನು ನನ್ನ ಮೂಗಿನವರೆಗೂ ತಂದ. ಮುಂದಿನ ಸಾಲಿನಲ್ಲಿ ಭಾವಮೈದುನರು ಕತ್ತು ಉದ್ದ ಮಾಡಿದರು. ನನ್ನ ಕಣ್ಣು ಮಾತ್ರ ಸುಮ್ಮನೆ ಉರಿಯುತ್ತಿತ್ತು. ಉಜ್ಜಿಕೊಳ್ಳಲು ಹೋದೆ. "ಹಾಲಿನ ಕೈಲಿ ಉಜ್ಬೇಡ ಕಣಪ್ಪ" ಎಂದ ಸಹನಾ, ಗೆಳತಿಯ ಬಳಿಯಿದ್ದ ತನ್ನ ಪರ್ಸಿನಿಂದ ಕಣ್ಣಾಸ್ಪತ್ರೆಯವರು ನನಗೆ ಬರೆದುಕೊಟ್ಟಿದ್ದ, ದಿನವೂ ಅವಳೇ ಹಾಕುತ್ತಿದ್ದ ಡ್ರಾಪ್ಸು ತೆಗೆದಳು. ಧಾರೆ ಸೀರೆಯಲ್ಲೇ ನನ್ನ ಗಲ್ಲ ಹಿಡಿದೆತ್ತಿ, ಎರಡು ಕಣ್ಣಿಗೂ ಒಂದೊಂದು ಹನಿ ಬಿಟ್ಟು, "ನಾಳೆಯಿಂದ ನೀನೇ ಹಾಕ್ಕೋಬೇಕು, ಮರೀಬೇಡ" ಎಂದಳು.

ನಾನು ಅತ್ತುಬಿಟ್ಟೆ. ಮೂಗು ಸೋರುವಂತೆ, ಬೀಗರು ಬಂದು ಭುಜ ಹಿಡಿದುಕೊಳ್ಳುವಂತೆ ಅತ್ತೇಬಿಟ್ಟೆ. ಊಟದ ಪಂಕ್ತಿಯಲ್ಲಿ ಹಿರಿಯ ಭಾವಮೈದುನ ಎಲೆಯ ಮೇಲೆ ಬಾಗಿ ಪಕ್ಕದವನಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: "ಏ ಬುಡ್ಲಾ, ಎಲ್ಲಾ ಡ್ರಾಪ್ಸು ಕಣೋ. ಮಗಳ ಕೈಲೇ ಹಾಕಿಸ್ಕೊಂಡಿದ್ದು ನಾನೇ ನೋಡಿವ್ನಿ."

ಮೊನ್ನೆ ವಿಡಿಯೋ ಬಂತು. ಹಿಂದಕ್ಕೂ ಮುಂದಕ್ಕೂ ಓಡಿಸಿ ನಾಲ್ಕು ಸಲ ನೋಡಿದರೂ ಡ್ರಾಪ್ಸು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ನನಗೇ ತಿಳಿಯಲಿಲ್ಲ. ಭಾವಮೈದುನನ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ. ನನ್ನ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ, ಎಲೆಯ ಮೇಲೆ ಬಾಗಿ ಆ ಮಾತನ್ನು ಮೊದಲು ಹೇಳುತ್ತಿದ್ದವನು ನಾನೇ.