ಗುಡುಗಣ್ಣ ಮೆತ್ತಗಾದ ವಾರ

ತುಂಬಿದ ಲಿಫ್ಟಿನಲ್ಲಿ ಅಪರಿಚಿತರ ನಡುವೆ ನಿಂತು ಗಂಡನ ಮೇಲೆ ಹರಿಹಾಯುವುದು ಮರ್ಯಾದಸ್ಥ ಹೆಂಗಸರ ಲಕ್ಷಣವಲ್ಲ. ಅದರಲ್ಲೂ ಆ ಗಂಡ ಲಿಫ್ಟಿನಲ್ಲಿ ಇಲ್ಲದಿರುವಾಗ.

"ಬಾಗಿಲು ಮುಚ್ಚುತ್ತಿದೆ. ದಯವಿಟ್ಟು ದೂರ ಸರಿಯಿರಿ," ಎಂದಿತು ಲಿಫ್ಟು.

"ಸರೀತೀನಿ, ಸರೀತೀನಿ. ಮನೇಲಿ ಟೀವಿ ಮುಂದೆ ಇದೇ ರಾಗ, ಇಲ್ಲೂ ಇದೇ ರಾಗ," ಎಂದುಬಿಟ್ಟಳು ಅವಳು, ಸ್ವಲ್ಪ ಗಟ್ಟಿಯಾಗಿಯೇ.

ತಲೆಗಳು ತಿರುಗಿದವು. ಹಲ್ಲುನೋವಿಗೆ ಕೆನ್ನೆ ಹಿಡಿದು ನಿಂತಿದ್ದ ಹಿರಿಯರೊಬ್ಬರು ಕೆನ್ನೆ ಬಿಟ್ಟು ಕೈಚೀಲ ಹಿಡಿದುಕೊಂಡರು. ಅವಳು ಲಿಫ್ಟಿನ ಚಾವಣಿಗೆ ಬೆರಳು ತೋರಿಸಿ, "ನಮ್ಮ ಯಜಮಾನ್ರು," ಎಂದು ವಿವರಣೆ ಕೊಟ್ಟಳು. ವಿವರಣೆಯಿಂದ ಪರಿಸ್ಥಿತಿ ಸುಧಾರಿಸಲಿಲ್ಲ. ಮುಂದಿನ ಮಹಡಿಯಲ್ಲೇ ಎಲ್ಲರೂ ಇಳಿದು ಮೆಟ್ಟಿಲು ಹಿಡಿದರು. ಪಾಪ, ಅವರಲ್ಲಿ ಅರ್ಧ ಜನ ಅದಕ್ಕೂ ಮೇಲಿನ ಮಹಡಿಯ ದಂತವೈದ್ಯರಲ್ಲಿಗೆ ಬಂದವರು. ಅಲ್ಲಿ ಮುಂದಿನ ಮೇಜಿನ ಹಿಂದೆ ಕೂತು "ಮುಂದಿನವರು ಬನ್ನಿ" ಎಂದು ಕೂಗುವವಳು ಇವಳೇ.

ಆದರೆ ಅವಳು ಹೇಳಿದ್ದು ಅಪ್ಪಟ ಸತ್ಯ. ಆ ಲಿಫ್ಟಿಗೆ ಧ್ವನಿ ಕೊಟ್ಟವನು ಅವಳ ಗಂಡನೇ. ಅವನು ಡಬ್ಬಿಂಗ್ ಕಲಾವಿದ. ಸ್ಟುಡಿಯೋದವರು ಪ್ರೀತಿಯಿಂದ 'ಗುಡುಗಣ್ಣ' ಎನ್ನುತ್ತಿದ್ದರು. ವಿದೇಶದ ವೈಜ್ಞಾನಿಕ ಸಾಹಸ ಧಾರಾವಾಹಿಗಳು ಕನ್ನಡಕ್ಕೆ ಬಂದಾಗ ಅಂತರಿಕ್ಷ ನೌಕೆಯ ಗಣಕಯಂತ್ರವೂ ಅವನೇ, ಕಬ್ಬಿಣದ ಸೇನಾಪತಿಯೂ ಅವನೇ, ಮೂರು ತಲೆಯ ಚಕ್ರವರ್ತಿಯೂ ಅವನೇ (ಮೂರು ತಲೆ, ಒಂದೇ ಗಂಟಲು, ಒಂದೇ ಸಂಭಾವನೆ). ಅವನು "ಉಡಾವಣೆಗೆ ಸಿದ್ಧರಾಗಿ" ಎಂದರೆ ನಕ್ಷತ್ರಮಂಡಲಗಳು ಟೊಂಕ ಕಟ್ಟಿ ನಿಲ್ಲುತ್ತಿದ್ದವು. ಹೀಗೆ ಬ್ರಹ್ಮಾಂಡಕ್ಕೆಲ್ಲ ಮಾತು ಹಂಚಿ ಬಂದವನ ಬಳಿ ಮನೆಯ ಪಾಲಿಗೆ ಉಳಿಯುತ್ತಿದ್ದುದು ಒಂದೇ ಅಕ್ಷರ: "ಹೂಂ."

ಟೀವಿ ಒಂದೇ, ರುಚಿ ಎರಡು. ಅವನಿಗೆ ಸಾಹಸ, ಅವಳಿಗೆ ವಿದೇಶಿ ಹಾಸ್ಯ ಧಾರಾವಾಹಿ. ಆ ಒಂದು ವಿಷಯದಲ್ಲಿ ಮಾತ್ರ ಅವನ ಬಾಯಿ ಬಿಚ್ಚುತ್ತಿತ್ತು.

"ನಿನ್ನ ಧಾರಾವಾಹೀಲಿ ಏನಾಗತ್ತೆ ಹೇಳು. ಒಬ್ಬಳು ಬಾಗಿಲು ತೆಗೀತಾಳೆ, ನಗ್ತಾರೆ. ಬಾಗಿಲು ಹಾಕ್ತಾಳೆ, ನಗ್ತಾರೆ. ಅದೇ ಸೋಫಾ, ಅದೇ ಗೋಡೆ. ನಮ್ಮದರಲ್ಲಿ ನೋಡು, ಒಂದು ಕಂತಿಗೆ ನಾಲ್ಕು ಗ್ರಹ."

"ನಾಲ್ಕು ಗ್ರಹ ಸುತ್ತಿದ್ರೂ ಒಬ್ಬನಾದ್ರೂ ಹೆಂಡತೀನ ಊಟ ಆಯ್ತಾ ಅಂತ ಕೇಳ್ತಾನೇನ್ರೀ? ಲೋಕ ಉಳಿಸ್ತಾರಂತೆ, ಲೋಟ ತೊಳೆಯೋಕೆ ಬರಲ್ಲ. ನಮ್ಮವರು ಸೋಫಾ ಬಿಟ್ಟು ಏಳದೇ ಇರಬಹುದು, ಆದ್ರೆ ಕೂತಲ್ಲೇ ಒಬ್ಬರ ಮಾತು ಒಬ್ಬರು ಕೇಳಿಸ್ಕೋತಾರೆ."

"ಅದು ನಿಜಜೀವನ ಅಲ್ಲ."

"ಮೂರು ತಲೆಯವನು ನಿಜಜೀವನಾನಾ?"

"ಅವನ ಮೂರೂ ತಲೆ ಒಂದೇ ಮಾತಾಡತ್ತೆ. ಇಲ್ಲಿ ನೋಡು, ಎರಡಿದ್ರೆ ಸಾಕು, ಯುದ್ಧ."

"ಅನ್ಯಗ್ರಹದವರ ಸಹವಾಸ ನಿಮಗೆ, ಗ್ರಹಚಾರ ನನಗೆ," ಎನ್ನುತ್ತಿದ್ದಳು ಅವಳು. ಕೋಣೆಯ ಒಳಗಿಂದ ಅತ್ತೆ ತೀರ್ಪು ಕೊಡುತ್ತಿದ್ದರು: "ಎರಡೂ ಬೇಡ, ಆಫ್ ಮಾಡಿ. ನನಗೆ ನಿಮ್ಮಿಬ್ಬರದೇ ಸಾಕಾಗಿದೆ."

ಲಿಫ್ಟಿನಲ್ಲಿ ಮಾನ ಹೋದ ಆ ದಿನ ಅವಳು ಮನೆಗೆ ಬಂದಾಗ ಮುಸ್ಸಂಜೆ. ಹಾಲಿನಲ್ಲಿ ಲೈಟು ಹಾಕಿರಲಿಲ್ಲ. ಟೀವಿಯ ನೀಲಿ ಬೆಳಕಿನಲ್ಲಿ ಗಂಡ ಅಲುಗಾಡದೆ ಕೂತಿದ್ದ. ಪರದೆಯ ಮೇಲೆ ಓಡುತ್ತಿದ್ದುದು ಅವಳ ಹಾಸ್ಯ ಧಾರಾವಾಹಿ, ಆದರೆ ಸದ್ದಿಲ್ಲ. ವಿದೇಶಿ ಗಂಡ ಹೆಂಡತಿ ನೀರೊಳಗಿನ ಮೀನುಗಳ ಹಾಗೆ ಬಾಯಿ ತೆರೆದು ಮುಚ್ಚುತ್ತಿದ್ದರು. ಗುಡುಗಣ್ಣನ ಕುತ್ತಿಗೆ ಮಾತ್ರ ನಿಧಾನವಾಗಿ ಅವಳತ್ತ ತಿರುಗಿತು.

"ಬಂದೆಯಾ ಪ್ರಿಯೆ? ಇವತ್ತು ನಿನ್ನ ದಿನ ಹೇಗಿತ್ತು?"

ಅವಳು ಹಿಂದೆ ತಿರುಗಿ ನೋಡಿದಳು. ಯಾರೂ ಬಂದಿರಲಿಲ್ಲ. ಆ ಧ್ವನಿಯಲ್ಲಿ ಗುಡುಗಿರಲಿಲ್ಲ, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಟ್ಟಂತಿತ್ತು. ತಪ್ಪು ಮನೆಗೆ ಬಂದೆನೇನೋ ಎಂದು ಬಾಗಿಲ ಪಕ್ಕದ ಚಪ್ಪಲಿ ನೋಡಿದಳು. ಚಪ್ಪಲಿ ಅವನದೇ.

ಭಯಕ್ಕೆ ಮಾತು ಜಾಸ್ತಿ. ನಿಂತಲ್ಲೇ ಲಿಫ್ಟಿನ ಕಥೆಯನ್ನೆಲ್ಲ ಹೇಳಿದಳು. ಅವನು ಮುಂದಕ್ಕೆ ಬಾಗಿ ಅವಳ ತುಟಿಗಳನ್ನೇ ನೋಡುತ್ತಿದ್ದ. ಕಣ್ಣನ್ನಲ್ಲ, ತುಟಿಯನ್ನು. ರೆಪ್ಪೆ ಮಿಟುಕಿಸದೆ, ಬೆಕ್ಕು ಇಲಿಬಿಲದ ಮುಂದೆ ಕೂತ ಹಾಗೆ. ಅವಳ ಮಾತು ನಿಂತಿತು. ಅವನು ಒಂದು ಉಸಿರು ಕಾದ. ಆಮೇಲೆ ಅವನ ತುಟಿ ತೆರೆಯಿತು.

"ಹೌದಾ? ಆಮೇಲೆ ನೀನು ಏನು ಮಾಡಿದೆ?"

ಅಷ್ಟು ಹೇಳಿ ಅವನು ಕೋಣೆಯ ಮೂಲೆಯ ಕಡೆ ನೋಡಿ ಮುಗುಳ್ನಕ್ಕ. ಕಾದ. ಅಲ್ಲಿ ಯಾರೋ ನಗುತ್ತಿರುವ ಹಾಗೆ, ಆ ನಗು ಮುಗಿಯಲಿ ಎಂದು ಇವನು ಮರ್ಯಾದೆಯಿಂದ ಕಾಯುತ್ತಿರುವ ಹಾಗೆ. ಅವಳೂ ನೋಡಿದಳು. ಮೂಲೆಯಲ್ಲಿ ಒಂದು ಛತ್ರಿ ಇತ್ತು. ಛತ್ರಿ ನಗುವ ಜಾತಿಯದಲ್ಲ.

ಮರುದಿನ ಬೆಳಗ್ಗೆ ಅವನು ಎಂದಿನ ಗುಡುಗಣ್ಣ. ತಿಂಡಿಗೆ "ಹೂಂ", ಟವೆಲ್ಲಿಗೆ "ಹೂಂ". ಕನಸಿರಬೇಕು ಎಂದುಕೊಂಡಳು. ಆದರೆ ಹೊತ್ತು ಮುಳುಗಿದ್ದೇ ತಡ, ಹಾಲಿನ ನೀಲಿ ಬೆಳಕಿನಲ್ಲಿ ಆ ಇನ್ನೊಬ್ಬ ಬಂದು ಕೂತಿದ್ದ.

"ರೀ, ಅಡುಗೆಮನೆ ಸಿಂಕು ಕಟ್ಟಿಕೊಂಡಿದೆ, ನೀರು ಇಳೀತಾ ಇಲ್ಲ," ಎಂದಳು ಬಾಗಿಲಲ್ಲೇ ನಿಂತು.

ತುಟಿ ನೋಡಿದ. ಕಾದ. "ಅದಕ್ಕೇ ನಿನ್ನ ಕಣ್ಣುಗಳು ಇಷ್ಟು ಹೊಳೆಯುತ್ತಿವೆ," ಎಂದ. ಮೂಲೆಗೆ ನೋಡಿ ನಕ್ಕ.

ಅವಳು ಸೀದಾ ಅತ್ತೆಯ ಕೋಣೆಗೆ ಹೋಗಿ ಚಿಲಕ ಹಾಕಿದಳು.

"ಅತ್ತೆ, ನಿಮ್ಮ ಮಗ ಸರಿಯಿಲ್ಲ."

"ಅದು ಹೊಸ ವಿಷಯಾನಾ?"

"ಹಾಗಲ್ಲ ಅತ್ತೆ. ಪ್ರೀತಿಯಿಂದ ಮಾತಾಡ್ತಿದಾರೆ."

ಅತ್ತೆಯ ಕೈಯಲ್ಲಿದ್ದ ಉಣ್ಣೆದಾರದ ಉಂಡೆ ಕೆಳಗೆ ಬಿದ್ದು ಮಂಚದ ಅಡಿಗೆ ಉರುಳಿತು. ಇಬ್ಬರೂ ಅದನ್ನು ಎತ್ತಿಕೊಳ್ಳಲು ಬಗ್ಗಲಿಲ್ಲ. ಆ ಹೊತ್ತಿನಲ್ಲಿ ಮಂಚದಡಿ ಕೈ ಹಾಕುವ ಧೈರ್ಯ ಯಾರಿಗಿದೆ?

"ಅವನ ಧಾರಾವಾಹೀಲಿ ತೋರಿಸಿದ್ರಲ್ಲ," ಎಂದರು ಅತ್ತೆ ಪಿಸುದನಿಯಲ್ಲಿ. "ಮನುಷ್ಯನ್ನ ಎತ್ಕೊಂಡು ಹೋಗಿ, ಅವನ ಥರಾನೇ ಇನ್ನೊಂದನ್ನ ಮಾಡಿ ಮನೆಗೆ ಕಳಿಸ್ತಾರೆ. ಮೂಗು, ಬಾಯಿ ಎಲ್ಲ ಅದೇ. ಒಳಗಡೆ ಬೇರೆ."

"ಅದೆಲ್ಲ ಬುರುಡೆ ಅತ್ತೆ."

"ಬುರುಡೆಯೋ ಬೊಂಬೆಯೋ. ಹೆತ್ತವಳು ನಾನು. ಹುಟ್ಟಿದಾಗಿಂದ ಅವನು ಯಾರ ದಿನ ಹೇಗಿತ್ತು ಅಂತ ಕೇಳಿದವನಲ್ಲ."

ಅಷ್ಟರಲ್ಲಿ ಬಚ್ಚಲುಮನೆಯಿಂದ ಮಾತು ಕೇಳಿಸಿತು. ಇಬ್ಬರೂ ಒಬ್ಬರ ಸೆರಗು ಒಬ್ಬರು ಹಿಡಿದು ಹೋಗಿ ಬಚ್ಚಲ ಬಾಗಿಲಿಗೆ ಕಿವಿ ಕೊಟ್ಟರು. ನಲ್ಲಿ ತೊಟ್ಟಿಕ್ಕುತ್ತಿತ್ತು. ಅದರ ನಡುವೆ ಗುಡುಗಣ್ಣನ ಹಳೆಯ ಗುಡುಗು: "ಚಹಾ ಬೇಕೇ." ತಕ್ಷಣ ಆ ಮೆತ್ತನೆಯ ಧ್ವನಿ: "ಚಹಾ ಬೇಕಾ?" ಮತ್ತೆ ಗುಡುಗು. ಮತ್ತೆ ಮೆತ್ತಗೆ. ಒಂದು ಬಚ್ಚಲು, ಎರಡು ಗಂಡಸು. ಗುಡುಗು ಪ್ರತಿ ಸಲವೂ ಸ್ವಲ್ಪ ಸೋಲುತ್ತಿತ್ತು. ಕೊನೆಗೆ ಮೆತ್ತನೆಯದು ಒಂದೇ ಉಳಿಯಿತು. ಬಾಗಿಲು ತೆರೆದಾಗ ಹೊರಗೆ ಬಂದವನು ಒಬ್ಬನೇ.

ಅತ್ತೆ ಪರೀಕ್ಷೆಯೊಂದನ್ನು ಸೂಚಿಸಿದರು. ಸಾಹಸ ಧಾರಾವಾಹಿಗಳಲ್ಲಿ ನಕಲಿಯನ್ನು ಹಿಡಿಯಲು ಅಸಲಿಗೆ ಮಾತ್ರ ಗೊತ್ತಿರುವ ಪ್ರಶ್ನೆ ಕೇಳುತ್ತಾರಂತೆ. "ನಿಮ್ಮ ಮದುವೆ ತಾರೀಕು ಕೇಳು. ಸರಿಯಾಗಿ ಹೇಳಿದ್ರೆ ನನ್ನ ಮಗ ಅಲ್ಲ."

ಮರುಸಂಜೆ ಅವಳು ಕೇಳಿದಳು. ಅತ್ತೆ ಬಾಗಿಲ ಪರದೆಯ ಹಿಂದೆ. ಅವನು ತುಟಿ ನೋಡಿದ, ಕಾದ, ಹೇಳಿದ: "ಕೇಳಬೇಕೇ? ನನಗೆ ಪ್ರತಿಯೊಂದೂ ನೆನಪಿದೆ."

"ತಾರೀಕು ಹೇಳಲಿಲ್ಲ ಅತ್ತೆ. ನಿಮ್ಮ ಮಗನೇ," ಎಂದಳು ಒಳಗೆ ಬಂದು.

"ನೆನಪಿದೆ ಅಂದನಲ್ಲ. ನನ್ನ ಮಗ ಅಲ್ಲ," ಎಂದರು ಅತ್ತೆ. ಪ್ರಕರಣ ಹಾಗೇ ನಿಂತಿತು.

ಆದರೆ ಮನುಷ್ಯರ ಮನಸ್ಸು ವಿಚಿತ್ರ. ದೆವ್ವಕ್ಕಾದರೂ ದಿನವೂ ಕುಶಲ ಕೇಳುವ ಅಭ್ಯಾಸವಿದ್ದರೆ ಸ್ವಲ್ಪ ದಿನದಲ್ಲಿ ಅದು ಬಾರದ ಸಂಜೆ ಬೇಸರವಾಗುತ್ತದೆ. ಬುಧವಾರದ ಹೊತ್ತಿಗೆ ಅವಳಿಗೆ ಅನ್ನಿಸತೊಡಗಿತು: ಇದು ಬೇರೆ ಗ್ರಹದಿಂದ ಬಂದದ್ದೇ ಆದರೆ, ಆ ಗ್ರಹದ ತಾಯಂದಿರು ಮಕ್ಕಳನ್ನು ಚೆನ್ನಾಗಿ ಬೆಳೆಸಿದ್ದಾರೆ. ಗುರುವಾರ ಕ್ಲಿನಿಕ್ಕಿನಿಂದ ಹೊರಡುವ ಮೊದಲು ಬಚ್ಚಲ ಕನ್ನಡಿಯಲ್ಲಿ ಮುಖ ನೋಡಿಕೊಂಡು ತುಟಿಗೆ ಬಣ್ಣ ಹಚ್ಚಿದಳು. ನೋಡುವವರಿದ್ದಾರೆ, ಅವರಿಗೂ ಕಣ್ಣಿಗೆ ಹಿತವಾಗಿರಲಿ ಎಂದು. ಒಳಗೆ ಹೆದರಿಕೆ ಇತ್ತು; ಆದರೆ ಈ ಹೆದರಿಕೆ ಬೇರೆ. ನಾಳೆ ಇದು ಹೊರಟುಹೋಗಿ ಹಳೆಯ "ಹೂಂ" ವಾಪಸು ಬಂದರೆ?

ಹಾಗಾಗಿ ಅಂದು ಅವಳು ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಹೇಳಿದಳು. ನೀಲಿ ಬೆಳಕಿನಲ್ಲಿ, ಆ ಅಲುಗಾಡದ ಮುಖದ ಎದುರು, ಸ್ಟೂಲಿನ ತುದಿಯಲ್ಲಿ ಕೂತು.

"ರೀ, ನನಗೆ ಆ ಮೇಜಿನ ಹಿಂದೆ ಸಾಕಾಗಿದೆ. ಯಾರ್ಯಾರದೋ ಹಲ್ಲು, ಯಾರ್ಯಾರದೋ ಸರದಿ. ಎಲ್ಲರನ್ನೂ ಮುಂದಿನವರು ಬನ್ನಿ ಅಂತ ಕರೆದು ಒಳಗೆ ಕಳಿಸಿದೆ, ನಾನು ಕೂತಲ್ಲೇ ಕೂತಿದೀನಿ. ಕೆಲಸ ಬಿಟ್ಟು ಹೊಲಿಗೆ ತರಗತಿ ಮಾಡಬೇಕು ಅಂತ ಆಸೆ. ಇದೇ ಹಾಲಿನಲ್ಲಿ. ಟೀವಿ ಅತ್ತೆ ಕೋಣೆಗೆ ಹೋಗಬೇಕಾಗತ್ತೆ. ನೀವು ನಗ್ತೀರಿ ಅಂತ ಹೆದರಿ ಇಷ್ಟು ದಿನ ಬಾಯಿ ಬಿಡಲಿಲ್ಲ. ನನ್ನ ಕೈಲಿ ಆಗತ್ತಾ, ಇಲ್ವಾ, ನೀವೇ ಹೇಳಿ."

ಅವಳ ತುಟಿ ನಿಂತಿತು. ಅವನು ಒಂದು ಕ್ಷಣ ಕಾದ. ಅವಳ ಕೈ ಹಿಡಿದುಕೊಂಡ. (ಕೈ ಬೆಚ್ಚಗಿತ್ತು. ಅಷ್ಟನ್ನು ಅವಳು ಗಮನಿಸಿ ಸಮಾಧಾನಪಟ್ಟಳು.)

"ನೀನು ಏನೇ ನಿರ್ಧರಿಸಿದರೂ ನಾನು ನಿನ್ನ ಜೊತೆಗಿರುತ್ತೇನೆ," ಎಂದ.

ಆಮೇಲೆ ಮೂಲೆಯ ಕಡೆ ನೋಡಿದ. ಈ ಸಲ ಅವಳೂ ಆ ಕಡೆ ನೋಡಿ, ಕಣ್ಣೊರೆಸಿಕೊಂಡು, ಅಲ್ಲಿದ್ದವರು ಯಾರೇ ಆಗಲಿ ಅವರಿಗೂ ಇರಲಿ ಎಂದು ಸಣ್ಣಗೆ ನಕ್ಕಳು.

ಶುಕ್ರವಾರ ಬೆಳಗ್ಗೆ ಅವಳು ಕೆಲಸ ಬಿಡುತ್ತೇನೆಂದಾಗ ದಂತವೈದ್ಯರು ಬಾಯಿ ತೆರೆದರು. ಮುಚ್ಚಲು ಸ್ವಲ್ಪ ಹೊತ್ತು ಹಿಡಿಯಿತು. ಶನಿವಾರ ಮಧ್ಯಾಹ್ನ ಎರಡು ಹೊಲಿಗೆ ಯಂತ್ರಗಳು ಬಂದು ಹಾಲಿನಲ್ಲಿ ನಿಂತವು. ಟೀವಿ ಅತ್ತೆಯ ಕೋಣೆ ಸೇರಿತು. "ಅದು ಯಾರಾದ್ರೇನು, ಒಳ್ಳೇ ಮನುಷ್ಯ," ಎಂದು ಅತ್ತೆ ರಿಮೋಟು ಹಿಡಿದು ತಮ್ಮ ತೀರ್ಪನ್ನು ಮಾರ್ಪಡಿಸಿಕೊಂಡರು.

ಸಂಜೆ ಬಾಗಿಲು ಧಡ್ ಎಂದು ತೆರೆಯಿತು.

"ಸಿಕ್ತು ಕಣೆ," ಎಂದ ಗುಡುಗಣ್ಣ. ಗೋಡೆಯ ಮೇಲಿನ ಕ್ಯಾಲೆಂಡರು ಅದುರಿತು. ಹಳೆಯ ಧ್ವನಿ, ನೌಕೆಯ ಧ್ವನಿ.

"ಏನು ಸಿಕ್ತು?"

"ಗಂಡ."

"ಯಾರಿಗೆ?"

"ನನಗೆ. ಗಂಡನ ಪಾತ್ರ. ಹಾಸ್ಯ ಧಾರಾವಾಹೀಲಿ. ಸಾಹಸದ್ದೆಲ್ಲ ನಿಂತು ಹೋಯ್ತು, ಈಗ ಜನಕ್ಕೆ ಸೋಫಾನೇ ಬೇಕಂತೆ. ಹೋದ ವಾರ ಧ್ವನಿ ಪರೀಕ್ಷೆಗೆ ನಿಲ್ಲಿಸಿದ್ರು. ಚಹಾ ಬೇಕಾ ಅಂತ ಒಂದು ಸಾಲು. ನಾನು ಹೇಳಿದ ತಕ್ಷಣ ನಿರ್ದೇಶಕಿ ಮೇಜಿನಡಿಯಿಂದ ಕಾಲು ಎಳ್ಕೊಂಡಳು, ಅಲ್ಲೆಲ್ಲೋ ಬಾಂಬ್ ಇಟ್ಟಿದಾರೆ ಅನ್ನೋ ಹಾಗೆ. ಒಂದು ವಾರ ಟೈಮ್ ಕೊಟ್ಟಳು. ಇಲ್ಲಾಂದ್ರೆ ಮನೆಗೇ. ನಿನಗೆ ಹೇಗೆ ಹೇಳೋದು, ನಾಚಿಕೆ."

ಅವಳು ಮೂಲೆಯ ಛತ್ರಿಯ ಕಡೆ ನೋಡಿದಳು. ಗುಡುಗಣ್ಣನಿಗೆ ಉತ್ಸಾಹ.

"ನಮ್ಮ ಸಾಹಸದಲ್ಲಿ ಅದೊಂದು ಕೊರತೆ ನೋಡು. ಗಣಕಯಂತ್ರಕ್ಕೆ ಬಾಯಿ ಎಲ್ಲಿದೆ? ಒಂದು ಕೆಂಪು ದೀಪ ಮಿಣುಕತ್ತೆ, ನಾನು ಮಾತಾಡ್ತೀನಿ. ಮೂರು ತಲೆಯವನಿಗೂ ಮುಸುಕು. ಜೀವಮಾನದಲ್ಲಿ ನಾನು ತುಟಿ ನೋಡಿ ಕೆಲಸ ಮಾಡಿದವನಲ್ಲ. ಇಲ್ಲಿ ಎದುರಿನವಳ ತುಟಿ ನಿಂತ ಮೇಲೆ, ಒಂದು ಉಸಿರು ಬಿಟ್ಟು, ನಾನು ಶುರು ಮಾಡ್ಬೇಕು. ಮಾತು ಮುಗಿದ ಮೇಲೆ ನಗೋರಿಗೆ ಜಾಗ ಬಿಡ್ಬೇಕು. ನಿನ್ನ ಮೇಲೇ ಅಭ್ಯಾಸ ಮಾಡಿದೆ. ಇವತ್ತು ನಿರ್ದೇಶಕಿ ಕಣ್ಣಲ್ಲಿ ನೀರು ಬಂತು ಕಣೆ."

"ಆ ಮಾತೆಲ್ಲ ಬರೆದುಕೊಟ್ಟಿದ್ದಾ?"

"ಮತ್ತಿನ್ನೇನು, ನನಗೆ ಹಾಗೆಲ್ಲ ಬರತ್ತಾ?"

ಆಗ ಅವನ ಕಣ್ಣಿಗೆ ಹಾಲಿನ ಮಬ್ಬಿನಲ್ಲಿ ಬಿಳಿ ಬಟ್ಟೆ ಹೊದ್ದು ನಿಂತ ಎರಡು ಆಕಾರಗಳು ಬಿದ್ದವು. ಕುಳ್ಳಗೆ, ಕತ್ತು ಬಾಗಿಸಿಕೊಂಡು, ಇವನನ್ನೇ ಕಾಯುತ್ತಿರುವ ಹಾಗೆ. ಟೀವಿಯಿದ್ದ ಜಾಗ ಬರಿದು. ಬ್ರಹ್ಮಾಂಡಗಳನ್ನು ಗೆದ್ದವನು ಎರಡು ಹೆಜ್ಜೆ ಹಿಂದೆ ಸರಿದ. "ಅವು... ಅವು ಏನೇ?"

"ಅದನ್ನ ಆಮೇಲೆ ಹೇಳ್ತೀನಿ," ಎಂದಳು ಅವಳು. ಒಳಗಿಂದ ಟೀವಿಯ ನಗು ಕೇಳಿಸುತ್ತಿತ್ತು. ಅವಳು ಸ್ಟೂಲು ಹುಡುಕಿ ಕೂತಳು. ಮಾತು ಬರೆದವನು ಯಾರೋ ಆಗಿರಲಿ, ಕೇಳಿಸಿಕೊಂಡವನಾದರೂ ತನ್ನ ಗಂಡನಲ್ಲವೇ ಎಂಬ ಆಸೆಯ ಒಂದು ಎಳೆ ಇನ್ನೂ ಹರಿದಿರಲಿಲ್ಲ. "ನೀವು ಆಡಿದ ಮಾತು ಬರೆದುಕೊಟ್ಟಿದ್ದೇ ಇರ್ಲಿ ರೀ. ನಾನು ಆಡಿದ್ದನ್ನಾದ್ರೂ ಕೇಳಿಸ್ಕೊಂಡ್ರಾ?"

ಗುಡುಗಣ್ಣ ಪ್ರಾಮಾಣಿಕವಾಗಿ ಯೋಚಿಸಿದ.

"ಕೇಳಿಸ್ಕೊಂಡ್ರೆ ತುಟಿ ಮೇಲೆ ಗಮನ ಎಲ್ಲಿರತ್ತೆ? ಎರಡೂ ಕಿವಿಗೆ ಹತ್ತಿ ತುರುಕಿಕೊಂಡಿದ್ದೆ," ಎಂದ. "ಎಲ್ಲ ಚೆನ್ನಾಗೇ ಬಂತು ಕಣೆ. ಗುರುವಾರ ಮಾತ್ರ ನಿನ್ನ ಡೈಲಾಗು ಸ್ವಲ್ಪ ಉದ್ದ ಆಯ್ತು."