ನನ್ನ ಅಕ್ಕನಿಗೆ ಸೊನ್ನೆ ಕೊಟ್ಟ ಅಂಕಯಂತ್ರದವರಿಗೆ

ಮಾನ್ಯ ಅಂಕಯಂತ್ರದವರೇ,

ನಮ್ಮ ಬೀದಿಯ ಕೈಪಂಪಿನ ನೀರಿನಲ್ಲಿ ವಿಷವಿದೆ ಎಂದು ಸಂಶೋಧನಾ ಪ್ರಬಂಧ ಬರೆದು ಸಾಬೀತು ಮಾಡಿದ ನನ್ನ ಅಕ್ಕನಿಗೆ ತಾವು ಸೊನ್ನೆ ಕೊಟ್ಟಿದ್ದೀರಿ, ಇದು ಅನ್ಯಾಯ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಸಾವಧಾನವಾಗಿ ನಮಸ್ಕರಿಸಬಹುದು. ವಿಶ್ವವಿದ್ಯಾಲಯದ ತಂಪು ಕೋಣೆಯಲ್ಲಿ ಕುಳಿತು, ಒಂದು ಪ್ರಬಂಧವನ್ನೂ ಓದದೆ, ಎಷ್ಟು ಜನ ಉಲ್ಲೇಖಿಸಿದ್ದಾರೆಂದು ಎಣಿಸಿಯೇ ಎಲ್ಲ ಪ್ರಬಂಧಗಳ ಯೋಗ್ಯತೆಯನ್ನು ಅಳೆಯುವ ತಮಗೆ ಸಾಷ್ಟಾಂಗ ಪ್ರಣಾಮಗಳು.

ಅಕ್ಕನ ವಿಭಾಗದ ಮುಖ್ಯಸ್ಥರು ನಮ್ಮೂರಿನ ಎಲ್ಲ ಕೈಪಂಪುಗಳ ನೀರೂ ನಿರಪಾಯವೆಂದು ಬರೆದಿದ್ದರು. ಅದು ತಪ್ಪೆಂದು ತೋರಿಸಲು ಊರೂರಿನ ವಿದ್ವಾಂಸರು ಸಾಲುಗಟ್ಟಿ ಬರೆದರು, ಬರೆಯುವಾಗ ಪದ್ಧತಿಯಂತೆ ಅವರ ಪ್ರಬಂಧವನ್ನು ಉಲ್ಲೇಖಿಸಿದರು. ತಾವು ಪ್ರತಿಯೊಂದು ಛೀಮಾರಿಯನ್ನೂ ಹೂಮಾಲೆಯೆಂದು ಎಣಿಸಿ ಅವರನ್ನು ಪಟ್ಟಿಯ ನೆತ್ತಿಗೆ ಏರಿಸಿದಿರಿ. ಅಕ್ಕನ ಪ್ರಬಂಧದಲ್ಲಿ ಯಾರಿಗೂ ತಪ್ಪು ಸಿಗಲಿಲ್ಲ, ಆದ್ದರಿಂದ ಯಾರೂ ಅದರ ಸುದ್ದಿಗೆ ಹೋಗಲಿಲ್ಲ. ಸರಿಯಾಗಿ ಬರೆಯುವಷ್ಟು ಬುದ್ಧಿಗೇಡಿ ಅವಳು.

ಉಲ್ಲೇಖವಷ್ಟೇ ಅಲ್ಲ, ಜಾಲತಾಣಗಳಲ್ಲಿ ಜನರ ಮೆಚ್ಚುಗೆ, ಹಂಚಿಕೆಗಳನ್ನೂ ತಾವು ತೂಗುತ್ತೀರೆಂದು ಕೇಳಿ ನಮಗೆ ಆಸೆ ಹುಟ್ಟಿತ್ತು. ಮುಖ್ಯಸ್ಥರು ಬಿಳಿ ಕೋಟು ತೊಟ್ಟು ಬೆಕ್ಕನ್ನೆತ್ತಿಕೊಂಡ ಫೋಟೊದ ಕೆಳಗೆ ಪ್ರಬಂಧದ ಲಿಂಕ್ ಅಂಟಿಸಿದರು. ಬೆಕ್ಕಿಗೆ ಬಿದ್ದ ಮೆಚ್ಚುಗೆಯೆಲ್ಲ ತಮ್ಮ ಲೆಕ್ಕದಲ್ಲಿ ಪ್ರಬಂಧದ ‘ಸಮಾಜದ ಮೇಲಿನ ಪ್ರಭಾವ’ವಾಯಿತು. ಅಕ್ಕ ತನ್ನ ಫಲಿತಾಂಶವನ್ನು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಪಂಪಿಗೆ ಕಟ್ಟಿದಳು. ಎದುರುಮನೆ ಅಜ್ಜಿ ಓದಿ, “ಎಲ್ಲಿ ಹಾಳಾಗಿ ಹೋಗಿದ್ಯೇ ಇಷ್ಟು ದಿನ? ಮೊದಲೇ ಹೇಳೋಕೆ ಏನು ರೋಗ ಬಂದಿತ್ತು ನಿಂಗೆ?” ಎಂದು ಬೈದು, ತುಂಬಿದ ಕೊಡವನ್ನು ಚರಂಡಿಗೆ ಸುರಿದರು. ಆಮೇಲೆ ನಮ್ಮ ಬೀದಿಯಲ್ಲಿ ಯಾರೂ ಆ ನೀರು ಮುಟ್ಟಲಿಲ್ಲ. ಬೈಗುಳವೂ ಬಹುಮಾನವೇ ಎಂಬ ತಮ್ಮ ನಿಯಮದಂತೆ ಅಜ್ಜಿಯದು ಅತ್ಯುತ್ತಮ ಉಲ್ಲೇಖ. ಆದರೆ ರಟ್ಟಿಗೆ ಲಿಂಕ್ ಇರಲಿಲ್ಲವಲ್ಲ, ತಮಗೆ ಕಾಣಿಸಲಿಲ್ಲ.

ಹೀಗಾಗಿ ಒಂದು ವಿನಂತಿ. ನಮ್ಮ ಮಕ್ಕಳಿಗೆ ಬಾರದೇ ಹೋದ ಹೊಟ್ಟೆನೋವುಗಳನ್ನು ದಯಮಾಡಿ ಎಣಿಸಿ. ಆಗದಿದ್ದರೆ, ಇನ್ನು ಮುಂದೆ ಮಕ್ಕಳು ಕಾಯಿಲೆ ಬೀಳುವಾಗ ಸಂಬಂಧಪಟ್ಟ ಪ್ರಬಂಧವನ್ನು ಉಲ್ಲೇಖಿಸಿಯೇ ನರಳತಕ್ಕದ್ದು ಎಂದು ಸುತ್ತೋಲೆ ಹೊರಡಿಸಿ.

ತಮ್ಮ ಸೊನ್ನೆಯನ್ನು ಮುಂದಿಟ್ಟುಕೊಂಡು ಅಕ್ಕನ ಪ್ರಯೋಗಾಲಯಕ್ಕೆ ಬೀಗ ಜಡಿಯಲು ವಿಶ್ವವಿದ್ಯಾಲಯದ ಸಮಿತಿ ಸೋಮವಾರ ಸೇರುತ್ತಿದೆ. ಪಕ್ಕದ ಬೀದಿಯ ಪಂಪನ್ನು ಅವಳಿನ್ನೂ ಪರೀಕ್ಷಿಸಿಲ್ಲ. ಅಲ್ಲಿಯವರು ಈ ಹೊತ್ತಿಗೂ ಕುಡಿಯುತ್ತಿದ್ದಾರೆ.

ತಮ್ಮ ವಿಶ್ವಾಸಿ,
ಸೊನ್ನೆ ಪಡೆದವಳ ತಮ್ಮ

ವಿ.ಸೂ.: ತಮಗೆ ಓದಲು ಬಾರದೆಂಬುದು ಗೊತ್ತು, ತಮ್ಮ ಬೆನ್ನ ಹಿಂದೆ ಅಡಗಿರುವ ಸಮಿತಿಯ ಮಹನೀಯರಿಗೆ ಬರುತ್ತದೆ. ಸಭೆಯ ಮೇಜಿನ ಮೇಲಿಡುವ ಕುಡಿಯುವ ನೀರನ್ನು ಈ ಸಲ ಪಕ್ಕದ ಬೀದಿಯವರೇ ಇನ್ನೂ ಪರೀಕ್ಷೆಯಾಗದ ಆ ಪಂಪಿನಿಂದ ತುಂಬಿ ತರುತ್ತಾರೆ. ನಿರಪಾಯವೆಂದು ಬರೆದ ಮುಖ್ಯಸ್ಥರೇ ಮೊದಲ ಲೋಟ ಎತ್ತಲಿ. ಸೋಮವಾರ, ಬೆಳಿಗ್ಗೆ ಹತ್ತು ಗಂಟೆಗೆ, ಸಭಾಕೊಠಡಿಯ ಬಾಗಿಲಲ್ಲಿ ಕೊಡ ಹಿಡಿದು ನಿಂತಿರುತ್ತೇವೆ.